ಉಪ್ಪಿಗೂ ಅರ್ಜಿ ಹಾಕುತ್ತಿದ್ದ ಮದಾಮ್

ಉಪ್ಪು ಬೇಕಾದರೂ ಅರ್ಜಿ ಹಾಕುವ ಹೆಂಗಸನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡದ್ದು. ಊಟದ ನಡುವೆ ಎದ್ದು ನಿಂತು, ಕೈ ಕಟ್ಟಿಕೊಂಡು, ತಲೆ ತುಸು ಬಾಗಿಸಿ ಮದಾಮ್ ಮಾರ್ತ್ ಶುರು ಮಾಡುವರು: “ರೆಸ್ಪೆಕ್ಟೆಡ್ ಸರ್, ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್...” ಅಂದರೆ, ಮಾನ್ಯರೇ, ಇಂದಿನ ಬೇಳೆಯಲ್ಲಿ ಉಪ್ಪಿಲ್ಲವೆಂದು ಅತ್ಯಂತ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ, ಉಪ್ಪಿನ ಬಟ್ಟಲು ದಯಪಾಲಿಸಿದರೆ ತಮಗಾಗಿ ಸದಾ ದೇವರನ್ನು ಪ್ರಾರ್ಥಿಸುವೆ. ಹೆಂಡತಿಯ ಆ ನಿಲುವು ನೋಡಿ ಗಂಡ ಪಿಯೇರ್ ನಗುತ್ತ ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದ. ನಾನು ಮಾತ್ರ ಗಂಭೀರವಾಗಿ ಉಪ್ಪು ಮುಂದಕ್ಕೆ ಸರಿಸುತ್ತಿದ್ದೆ. ಇದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಇಂಗ್ಲಿಷ್ ಕಲಿಸಿದವನೇ ನಾನು!

ನಾನು ಮಸ್ಕಿಯವನು. ಓದಿದ್ದೆಲ್ಲ ಉರ್ದುವಿನಲ್ಲಿ. ಲಿಂಗಸುಗೂರು ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ನಿಜಾಮರ ಆಳ್ವಿಕೆ ಹೋಯಿತು, ಸಾಹೇಬರು ಬದಲಾದರು, ಹೊಸಬರು ಇಂಗ್ಲಿಷ್ ಅರ್ಜಿ ಕೇಳತೊಡಗಿದರು. ಅವರಿವರ ಅರ್ಜಿಗಳನ್ನು ನಕಲು ಮಾಡಿಕೊಂಡು ರಜೆಯ ಅರ್ಜಿ, ಬಾವಿಯ ಅರ್ಜಿ, ಬಂದೂಕಿನ ಅರ್ಜಿ ಎಲ್ಲ ಬಾಯಿಪಾಠ ಮಾಡಿದೆ. ನನ್ನ ಪಾಲಿಗೆ ಇಂಗ್ಲಿಷ್ ಅಂದರೆ ಅಷ್ಟೇ. ದೊರೆಗಳು ಮನೆಯಲ್ಲೂ ಹೀಗೇ ಮಾತಾಡುತ್ತಾರೆಂದು ತಿಳಿದಿದ್ದೆ. ಸಿಂಧನೂರಿನ ಕಾಲುವೆ ಕ್ಯಾಂಪಿಗೆ ಮಣ್ಣು ಅಗೆಯುವ ಯಂತ್ರದ ಜೊತೆ ಫ್ರಾನ್ಸಿನ ಒಬ್ಬ ಮೆಕ್ಯಾನಿಕ್ ಸಂಸಾರ ಸಮೇತ ಬಂದಿದ್ದಾನೆ, ಮನೆಯಲ್ಲೇ ಇದ್ದು ಇಂಗ್ಲಿಷ್ ಕಲಿಸುವ ಮಾಸ್ತರ ಬೇಕಂತೆ ಎಂದು ಗುತ್ತಿಗೆದಾರರೊಬ್ಬರು ಹೇಳಿದ್ದೇ ತಡ, ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ.

ತಗಡಿನ ಮನೆ. ಮುಂದಿನ ಕೋಣೆ ನನಗೆ. ಮದಾಮ್ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಸದಾ ಕೆಂಪು. ನಾನು ಕಾಯಿಪಲ್ಲೆ ತಿನ್ನುವವನೆಂದು ತಿಳಿದ ದಿನವೇ ನನಗಾಗಿ ಬೇರೆ ಪಾತ್ರೆ ತರಿಸಿದರು. ನನ್ನ ಲಿಂಗಪೂಜೆ ಮುಗಿಯುವವರೆಗೆ ಮನೆಯಲ್ಲಿ ಯಾರೂ ತಟ್ಟೆ ಮುಟ್ಟುವ ಹಾಗಿರಲಿಲ್ಲ. ಹಸಿದ ಪಿಯೇರ್ ಗೊಣಗಿದರೆ ಅವನ ಕೈಮೇಲೆ ಚಮಚದಿಂದ ಒಂದು ಏಟು. ಅಡುಗೆಗೆ, ಕೆಲಸಕ್ಕೆ ಬಳಗಾನೂರಿನ ಈರಮ್ಮ ಬರುತ್ತಿದ್ದಳು. ಅವಳು ರೊಟ್ಟಿ ಬಡಿಯುತ್ತ ವಟವಟ ಅನ್ನುವುದು, ಮದಾಮ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ತಿರುಗಿ ಹೇಳುವುದು. ಹೀಗಾಗಿ ನನ್ನಿಂದ ಇಂಗ್ಲಿಷ್ ಕಲಿಯುವಷ್ಟರಲ್ಲಿ ಈರಮ್ಮನಿಂದ ಕನ್ನಡ ಕಲಿತುಬಿಟ್ಟಿದ್ದರು. ಈರಮ್ಮನ ಕನ್ನಡದಲ್ಲಿ ಬಹುವಚನಕ್ಕೆ ಜಾಗವಿರಲಿಲ್ಲ, ಮದಾಮರ ಕನ್ನಡದಲ್ಲೂ ಇರಲಿಲ್ಲ.

“ಮಾರ್ತವ್ವ, ಕಾಲಿಗೆ ಚಕ್ರ ಕಟ್ಕೊಂಡಾಕಿ ಹಂಗ ತಿರಗಾಕತ್ತೀಯಲ್ಲ, ಒಂದ ಕಡೆ ಕುಂದ್ರಬೇ” ಎಂದು ಈರಮ್ಮ ಬೈದರೆ, “ಕೈಗೆ ಕೆಲಸ ಇಲ್ಲಂದ್ರ ನನ್ನ ಜೀವ ನಿಲ್ಲಂಗಿಲ್ಲಬೇ” ಎನ್ನುತ್ತಿದ್ದರು.

ಅದು ಬರೀ ಮಾತಲ್ಲ. ತಮ್ಮ ದೇಶದಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವರು. ಕ್ಯಾಂಪಿನ ದವಾಖಾನೆಯ ಮುಂದೆ ದಿನಾ ಕೂಲಿಯವರ ಸಾಲು, ಒಳಗೆ ಒಬ್ಬರೇ ಡಾಕ್ಟರು. ಮದರಾಸಿನ ಕಡೆಯ, ಕನ್ನಡ ಬಾರದ ಅವರು, “ನನಗೆ ತಿಳಿಯುವ ಹಾಗೆ ಇಂಗ್ಲಿಷ್ ಕಲಿತು ಬನ್ನಿ, ಆಮೇಲೆ ಕೆಲಸದ ಮಾತು” ಎಂದು ಕಳಿಸಿಬಿಟ್ಟಿದ್ದರು. ಮದಾಮ್ ನನ್ನನ್ನು ಕರೆಸಿದ್ದು ಅದಕ್ಕೇ.

ಪಾಠಕ್ಕೆ ನನ್ನದೇ ಪದ್ಧತಿ. ನಾನು ಸಾಹೇಬ, ಕುರ್ಚಿಯ ಮೇಲೆ. ಅವರು ಅರ್ಜಿದಾರರು, ನಿಂತೇ ಮಾತಾಡಬೇಕು. ಬರೆದ ಅರ್ಜಿಯ ಕೆಳಗೆ ಸಾಹೇಬರ ಸಹಿಗೆ ನಾಲ್ಕು ಬೆರಳು ಜಾಗ ಬಿಡಲೇಬೇಕು. ತಪ್ಪಾದರೆ, ನಮ್ಮ ಕಚೇರಿಯಲ್ಲಿ ಹೇಳುವ ಹಾಗೆಯೇ, “ನಾಳೆ ಬರ್ರಿ” ಎನ್ನುತ್ತಿದ್ದೆ. ಸೇಡು ಅವರು ಅಡುಗೆಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ನಾನು ಎರಡನೆಯ ಸಲ ತುಪ್ಪ ಕೇಳಿದರೆ, “ನಾಳೆ ಬಾರೋ ಮಾಸ್ತರ!”

ಮೂರು ತಿಂಗಳಾದ ಮೇಲೆ ಎದೆಯುಬ್ಬಿಸಿಕೊಂಡು ನಾನೇ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು: “ಒಬ್ಬನಿಗೆ ಮೂರು ದಿನದಿಂದ ಜ್ವರ. ನನಗೆ ಹೇಗೆ ಹೇಳುತ್ತೀರಿ?”

ಮದಾಮ್ ಕೈ ಕಟ್ಟಿದರು, ತಲೆ ಬಾಗಿಸಿದರು. “ರೆಸ್ಪೆಕ್ಟೆಡ್ ಸರ್, ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್...” ಬಡ ಅರ್ಜಿದಾರನ ಜ್ವರದಿಂದ ಹಿಡಿದು ಸದಾ ಪ್ರಾರ್ಥಿಸುವವರೆಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಡಾಕ್ಟರು ನಗತೊಡಗಿದರು. ಚಾಳೀಸು ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. “ನೀವು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ರೋಗಿ ಸತ್ತಿರುತ್ತಾನಮ್ಮ! ಒಳ್ಳೆಯ ಮಾಸ್ತರರನ್ನು ಹುಡುಕಿಕೊಳ್ಳಿ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, “ಮದಾಮ್, ನನಗ ಇಂಗ್ಲಿಷ್ ಬರಂಗಿಲ್ಲರೀ. ಅರ್ಜಿ ಅಷ್ಟ ಬರತೈತಿ. ನಿಮ್ಮ ಮೂರು ತಿಂಗಳು ಹಾಳು ಮಾಡಿದೆ” ಎಂದೆ.

ಅವರ ಮುಖವೂ ಬಿಳುಚಿಕೊಂಡಿತ್ತು. ಆದರೂ ನನ್ನನ್ನೇ ಸಮಾಧಾನ ಮಾಡಿದರು: “ಏ ಮಾಸ್ತರ, ಮಾರಿ ಯಾಕ ಸಪ್ಪಗ ಮಾಡೀದಿ? ನಡಿ, ಈರಮ್ಮನ ರೊಟ್ಟಿ ಆರತಾವು.”

ಹೊರಡಬೇಕು, ಅಷ್ಟರಲ್ಲಿ ಒಳಗಿನಿಂದ ಡಾಕ್ಟರ ಕೂಗಾಟ. ಪಾಮನಕಲ್ಲೂರಿನಿಂದ ಮಣ್ಣು ಹೊರಲು ಬಂದಿದ್ದ ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು, “ಒಳಗ ಹಿಂಡಿದಂಗ ಆಗಾಕತ್ತೈತಿ ಯಪ್ಪಾ, ಕಣ್ಣಿಗೆ ಕತ್ತಲಿ ಬರತೈತಿ, ಜೀವ ಕಸಿವಿಸಿ ಆಗತೈತಿ” ಅನ್ನುತ್ತಿದ್ದಳು. ಡಾಕ್ಟರಿಗೆ ಒಂದಕ್ಷರ ತಿಳಿಯದು. ಮದಾಮ್ ತಿರುಗಿ ಒಳಕ್ಕೆ ನಡೆದೇಬಿಟ್ಟರು. ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆನ್ನು ಸವರಿದರು.

“ಯಾವಾಗಿಂದಬೇ ಯವ್ವಾ?”

“ನಿನ್ನೆ ಮುಂಜಾನಿಂದವ್ವ.”

“ಎಷ್ಟು ಸಲ ಹೊರಕಡಿಗಿ ಹೋದಿ? ನೀರು ಎಲ್ಲೀದು ಕುಡದಿ?”

“ಲೆಕ್ಕ ಇಟ್ಟಿಲ್ಲವ್ವ. ಕಾಲುವಿ ಕುಣ್ಯಾಗ ನಿಂತಿತ್ತಲ್ಲ, ಅದನ್ನ ಕುಡದೆ. ಎಲ್ಲಾರೂ ಅದನ್ನ ಕುಡಿಯಾಕತ್ತಾರ.”

ಮದಾಮ್ ಎದ್ದರು. ಬೇರೆ ದಾರಿ ಅವರಿಗೂ ಗೊತ್ತಿರಲಿಲ್ಲ. ಕೈ ಕಟ್ಟಿಕೊಂಡು, “ರೆಸ್ಪೆಕ್ಟೆಡ್ ಸರ್” ಎಂದೇ ಶುರು ಮಾಡಿ, ಈ ಬಡ ಅರ್ಜಿದಾರಳು ನಿನ್ನೆಯಿಂದ ಹೀಗೆ ನರಳುತ್ತಿರುವಳು, ಕಾಲುವೆ ಗುಂಡಿಯ ನೀರನ್ನು ಎಲ್ಲರೂ ಕುಡಿಯುತ್ತಿರುವರು, ಕೂಡಲೇ ನಿಲ್ಲಿಸುವ ಕೃಪೆಯಾಗಬೇಕು ಎಂದು ಅರಿಕೆ ಮಾಡಿದರು. ಈ ಸಲ ಡಾಕ್ಟರು ನಗಲಿಲ್ಲ. ಕಾಂಪೌಂಡರನನ್ನು ಗುಂಡಿಯ ಕಡೆಗೆ ಓಡಿಸಿದರು. ಮುದುಕಿಗೆ ಔಷಧ ಕುಡಿಸಿ, ಕೈ ತೊಳೆಯುತ್ತ, “ಗ್ರಾಂಟೆಡ್. ನಾಳೆ ಏಳಕ್ಕೆ ಬನ್ನಿ” ಎಂದರು.

‘ನಾಳೆ ಬರ್ರಿ’ ಅನ್ನುವ ಮಾತು ಅಷ್ಟು ಚಂದ ಕೇಳಿಸಬಹುದೆಂದು ನನಗೆ ಅಂದೇ ತಿಳಿದದ್ದು. ದಾರಿಯುದ್ದಕ್ಕೂ ಮದಾಮ್ ಚಿಕ್ಕ ಹುಡುಗಿಯ ಹಾಗೆ ಕೈಬೀಸಿಕೊಂಡು ನಡೆದರು. ಮುದುಕಿ ನಾಲ್ಕನೆಯ ದಿನ ಎದ್ದು ಕೂತು ಗಂಜಿ ಕೇಳಿದಳು. ಮದಾಮ್ ನನ್ನನ್ನೂ ಮನೆ ಬಿಟ್ಟು ಹೋಗಗೊಡಲಿಲ್ಲ. ಮಾತಿನ ಇಂಗ್ಲಿಷನ್ನು ದಿನಾ ಡಾಕ್ಟರಿಂದ ಕಲಿತು ಬಂದು ಸಂಜೆ ನನಗೆ ಕಲಿಸತೊಡಗಿದರು, ಕುರ್ಚಿಯ ಮೇಲೆ ತಾವು ಕೂತು. ಆ ಇಂಗ್ಲಿಷಿನಿಂದಲೇ ನಾನು ಮುಂದೆ ಮಸ್ಕಿಯಲ್ಲಿ ನಿಜವಾದ ಮಾಸ್ತರನಾದೆ.

ಎರಡು ವರ್ಷದ ಮೇಲೆ ಪಿಯೇರನ ಕೆಲಸ ಮುಗಿಯಿತು. ರಾಯಚೂರಿನ ರೈಲಿಗೆ ಒಯ್ಯಲು ಜೀಪು ಬಂದು ನಿಂತಿತು. ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ರೊಟ್ಟಿಯ ಗಂಟು ಒಳಗಿಟ್ಟಳು. ಮದಾಮ್ ನನ್ನ ಮುಂದೆ ನಿಂತು, ಕೈ ಕಟ್ಟಿ, ತಲೆ ಬಾಗಿಸಿ ಒಂದು ಹಾಳೆ ಕೊಟ್ಟರು. ಊರಿಗೆ ತುರ್ತಾಗಿ ಹೋಗಬೇಕಾಗಿರುವುದರಿಂದ ಬಡ ಅರ್ಜಿದಾರಳಿಗೆ ರಜೆ ಮಂಜೂರು ಮಾಡುವ ಕೃಪೆಯಾಗಬೇಕು. ಕೆಳಗೆ ಸಹಿಗೆ ಸರಿಯಾಗಿ ನಾಲ್ಕು ಬೆರಳು ಜಾಗ.

ಪೆನ್ನು ತೆಗೆದೆ, ಮತ್ತೆ ಜೇಬಿಗಿಟ್ಟೆ.

“ಏ ಮಾಸ್ತರ, ಸಹಿ ಮಾಡೋ. ರೈಲು ಹೋಗತೈತಿ.”

“ನಾಳೆ ಬರ್ರಿ” ಎಂದೆ.

ನಕ್ಕರು, ಕೆಂಪು ಮೂಗು ಒರೆಸಿಕೊಂಡರು, ಜೀಪು ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಆ ಹಾಳೆ ನನ್ನ ಟ್ರಂಕಿನಲ್ಲಿ ಇದೆ, ಸಹಿಯ ಜಾಗ ಹಾಗೇ ಖಾಲಿ ಇದೆ. ರಜೆ ನಾನಿನ್ನೂ ಮಂಜೂರು ಮಾಡಿಲ್ಲ.