ಗೇಟಿಗೆ ನೇತುಬಿದ್ದ ಮೊರ

ಪಾಂಡವಪುರದ ಬೆಲ್ಲದ ಅಂಗಡಿ ಚಿಕ್ಕಮಾದಯ್ಯನ ಹೆಂಡತಿ ಮಂಚಮ್ಮ ಬರಿಗೈಯಲ್ಲಿ ಬೀದಿಯಲ್ಲಿ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಅಕ್ಕಿಹೆಬ್ಬಾಳಿನಿಂದ ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅದನ್ನು ಕಲಿಸಿದ್ದಳು. ಹೊಸ್ತಿಲು ದಾಟುವ ಸೊಸೆಯ ಸೊಂಟದಲ್ಲಿ ಬಿಂದಿಗೆ ಇರಬೇಕು, ಇಲ್ಲವೇ ಕಂಕುಳಲ್ಲಿ ಮೊರ ಇರಬೇಕು. ಬಿಂದಿಗೆ ಹಿಡಿದವಳು ನೀರಿಗೆ ಹೋಗುತ್ತಾಳೆ, ಮೊರ ಹಿಡಿದವಳು ಕಾಳು ಕೇರಲು ಹೋಗುತ್ತಾಳೆ. ಏನೂ ಹಿಡಿಯದವಳು ಎಲ್ಲಿಗೆ ಹೋಗುತ್ತಾಳೆ? ಆ ಪ್ರಶ್ನೆಗೆ ಬೀದಿಯ ಜಗಲಿಗಳು ತಾವೇ ಉತ್ತರ ಹುಟ್ಟಿಸಿ ಹಂಚುತ್ತಿದ್ದವು. ಗಂಡಸರು ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಊರೆಲ್ಲ ಸುತ್ತಬಹುದಿತ್ತು. ಅದಕ್ಕೆ ಗಾಂಭೀರ್ಯ ಎಂದು ಹೆಸರು.

ಮನೆ ಅಕ್ಕಪಕ್ಕದ ಮನೆಗಳ ನಡುವೆ ಒತ್ತಿಕೊಂಡು ನಿಂತಿತ್ತು. ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಹೆಂಚಿನ ನಡುವೆ ಕೂರಿಸಿದ್ದ ಒಂದು ಗಾಜೂ ಹೊಗೆ ಹಿಡಿದು ಕುರುಡಾಗಿತ್ತು. ಬೆಲ್ಲ ನೀರೊಡೆಯುತ್ತದೆಂದು ಚಿಕ್ಕಮಾದಯ್ಯ ಅಂಗಡಿಯ ಗೋಡೆ ಒಡೆಸಿ ಗಾಳಿಗೆ ಕಿಟಕಿ ಇಡಿಸಿದ. ಅಡಿಗೆಮನೆಯಲ್ಲಿ ಕೆಟ್ಟುಹೋಗುವಂಥದ್ದು ಏನೂ ಇಲ್ಲವೆಂದು ಅವನ ತಿಳಿವಳಿಕೆ. ಅಲ್ಲಿ ಮಂಚಮ್ಮ ಇದ್ದಳು. ಹಸಿ ಸೌದೆ, ಕಬ್ಬಿನ ಸೋಗೆ, ಊದುಕೊಳವೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಿಟ್ಟು ತೊಳಸಿ ಮುದ್ದೆ ಕಟ್ಟುವ ಹೊತ್ತಿಗೆ ಅವಳ ಎದೆಯೊಳಗೆ ಯಾರೋ ಹಳೆಯ ಬಾಗಿಲು ತೆರೆದಂತೆ ಕೀರಲು ಸದ್ದು ಏಳುತ್ತಿತ್ತು.

ಆ ಎದೆಯನ್ನು ಇಷ್ಟು ವರ್ಷ ಕಾಪಾಡಿದ್ದು ನಾಲೆಯ ಪಕ್ಕದ ಹೊಂಗೆ ತೋಪು. ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಬೀದಿಯ ಹೆಂಗಸರು ಮೊರ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ರಾಗಿ ಕೇರುವರು, ಹುರುಳಿಯಲ್ಲಿ ಕಲ್ಲು ಆರಿಸುವರು, ಒಬ್ಬಳು ಇನ್ನೊಬ್ಬಳ ತಲೆ ಬಾಚುವಳು. ನಾಲೆಯ ಮೇಲಿಂದ ಬಂದ ಗಾಳಿ ಹೊಂಗೆಯ ಎಲೆಗಳಲ್ಲಿ ತಣ್ಣಗಾಗಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮಂಚಮ್ಮನ ಎದೆಯ ಸದ್ದು ನಿಲ್ಲುತ್ತಿತ್ತು. ಪಕ್ಕದ ಮನೆಯ ಪುಟ್ಟತಾಯಮ್ಮ ಅತ್ತೆಯಂದಿರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಮಂಚಮ್ಮ ಮನೆಯಲ್ಲಿ ನಕ್ಕದ್ದು ಕಡಿಮೆ, ತೋಪಿನಲ್ಲಿ ನಕ್ಕದ್ದೇ ಹೆಚ್ಚು.

ಅರವತ್ತರ ದಶಕದ ಕೊನೆಯಲ್ಲಿ ಊರಿನ ದೊಡ್ಡವರಿಗೂ ಗಾಳಿಯ ನೆನಪಾಯಿತು. ಚಿಕ್ಕಮಾದಯ್ಯನಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಕಂದಾಯ ಇಲಾಖೆಯಿಂದ ರಿಟೈರಾದ ಶೇಕದಾರ್ ಅಂದಾನಯ್ಯನವರಿಗೆ ರಕ್ತದೊತ್ತಡ. ಇಬ್ಬರಿಗೂ ಡಾಕ್ಟರು ನಡೆಯಲು ಹೇಳಿದ್ದರು. ಅಂದಾನಯ್ಯನವರ ಅಧ್ಯಕ್ಷತೆಯಲ್ಲಿ ವಾಯುಸೇವನಾ ಸಂಘ ಹುಟ್ಟಿತು. ತೋಪಿಗೆ ತಂತಿಬೇಲಿ ಬಂತು, ಈಟಿಯಂಥ ಕಂಬಿಗಳ ಗೇಟು ಬಂತು. ಹೊಂಗೆಗಳನ್ನು ಕಡಿಯಲಿಲ್ಲ, ಅಷ್ಟು ಪುಣ್ಯ. ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದರು. ಕೆಳಗೆ ಹುಲ್ಲು ಹಾಸು, ಸಿಮೆಂಟು ಬೆಂಚು, ಕಂಬದ ಮೇಲೆ ರೇಡಿಯೋ. ಪಾರ್ಕು ಎಂದು ಹೆಸರಿಟ್ಟರು. ಉದ್ಘಾಟನೆಯ ಉಪ್ಪಿಟ್ಟಿಗೆ ರವೆ ಹುರಿದದ್ದು ಮಂಚಮ್ಮನ ಒಲೆಯಲ್ಲಿ. ಕೊಪ್ಪರಿಗೆ ತಿಕ್ಕಿದ್ದೂ ಅವಳೇ.

ಮಾರನೆಯ ಮಧ್ಯಾಹ್ನ ಮೊರ ಹಿಡಿದು ಹೋದ ಹೆಂಗಸರನ್ನು ಕಾವಲುಗಾರ ಕುಳ್ಳಯ್ಯ ಗೇಟಿನಲ್ಲೇ ತಡೆದ.

"ಮೊರ ಒಳಕ್ಕೆ ಬುಡಂಗಿಲ್ಲ ಕಣವ್ವ. ಹೊಟ್ಟು ಬಿದ್ದು ಹುಲ್ಲು ಆಳಾಯ್ತದಂತೆ."

"ನಿನ್ನ ಹುಲ್ಲನ್ನ ನಾವೇನು ಮೇಯ್ತೀವೇನ್ಲಾ?" ಎಂದಳು ಪುಟ್ಟತಾಯಮ್ಮ.

ಒಳಗೆ ಗುಲಾಬಿ ಗಿಡಕ್ಕೆ ನೀರು ಹಾಕಿಸುತ್ತಿದ್ದ ಅಂದಾನಯ್ಯನವರು ಗೇಟಿನ ಹತ್ತಿರ ಬಂದರು. "ನೋಡಿಯಮ್ಮ, ಇದು ವಿಶ್ರಾಂತಿಯ ಜಾಗ. ಕೆಲಸದ ಜಾಗ ಅಲ್ಲ. ಸುಮ್ಮನೆ ಕೂತ್ಕೊಳ್ಳೋ ಹಾಗಿದ್ರೆ ಬನ್ನಿ. ಯಾರು ಬೇಡ ಅಂದೋರು?"

ಸುಮ್ಮನೆ! ಮಂಚಮ್ಮನಿಗೆ ಮೈಯೆಲ್ಲ ಉರಿಯಿತು. ಸುಮ್ಮನೆ ಕೂರಲು ಬಿಡುವ ಮನೆ ಆ ಬೀದಿಯಲ್ಲಿ ಯಾವುದಿತ್ತು? ಮೊರ ಇದ್ದರೆ ಪಾರ್ಕಿನೊಳಗೆ ಬಿಡುವುದಿಲ್ಲ, ಮೊರ ಇಲ್ಲದಿದ್ದರೆ ಮನೆಯಿಂದ ಹೊರಗೆ ಬಿಡುವುದಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ನಿಜ. ಬೇಡ ಎನ್ನದೆಯೇ ಅಷ್ಟೂ ಹೆಂಗಸರನ್ನು ಆಚೆ ನಿಲ್ಲಿಸಿದ್ದರು.

ಹೆಂಗಸರು ತಂತಮ್ಮ ನಡುಮನೆಗಳಿಗೆ ಮರಳಿದರು. ಹುರುಳಿಯ ಕಲ್ಲನ್ನು ಅಲ್ಲಿನ ಕತ್ತಲಲ್ಲೇ ಆರಿಸಿದರು. ಪುಟ್ಟತಾಯಮ್ಮನ ಅಣಕ ನಿಂತುಹೋಯಿತು; ಅತ್ತೆಯ ನಡಿಗೆಯನ್ನು ಅತ್ತೆಯ ಎದುರಿಗೆ ಹೇಗೆ ಅಣಕಿಸುವುದು? ಮಳೆಗಾಲ ಕಳೆಯುವಷ್ಟರಲ್ಲಿ ಮಂಚಮ್ಮ ಕೂತಲ್ಲೇ ನಿದ್ದೆ ಮಾಡತೊಡಗಿದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಣ್ಣ ಮಾತಿಗೂ ಕಣ್ಣು ತುಂಬುತ್ತಿತ್ತು. ಒಂದು ದಿನ ಅನ್ನದ ಗಂಜಿ ಬಸಿಯುತ್ತಾ ತಲೆ ಸುತ್ತಿ ಬಿದ್ದಳು. ಗಂಜಿ ಚೆಲ್ಲಿತೆಂದು ಅತ್ತೆ ಬೈದಳು.

ಚಿಕ್ಕಮಾದಯ್ಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಏನಮ್ಮ, ಬೀಡಿ ಸೇದ್ತೀರಾ?" ಎಂದರು.

"ಇಲ್ಲ ಸ್ವಾಮಿ. ಒಲೆ ಸೇದ್ತೀನಿ."

ಡಾಕ್ಟರು ನಗಲಿಲ್ಲ. "ದಿನಾ ಸ್ವಲ್ಪ ಹೊತ್ತು ಮರಗಿಡ ಇರೋ ಕಡೆ ಹೋಗಿ ಕೂತ್ಕೊಳ್ಳಿ. ಮೈಗೂ ಒಳ್ಳೇದು, ಮನಸ್ಸಿಗೂ ಒಳ್ಳೇದು. ಹೀಗೇ ಬಿಟ್ರೆ ಈ ಎದೆ ಬಹಳ ದಿನ ತಡೆಯಲ್ಲ" ಎಂದು ಚಿಕ್ಕಮಾದಯ್ಯನ ಮುಖ ನೋಡಿಯೇ ಹೇಳಿದರು.

ದಾರಿಯಲ್ಲಿ ಚಿಕ್ಕಮಾದಯ್ಯ ಸಮಾಧಾನದಿಂದ ಎಂದ, "ನಂಗೂ ಅದ್ನೇ ಯೋಳವ್ರೆ ಕಣಮ್ಮಿ. ಅದ್ಕೇ ಅಲ್ವಾ ನಾನು ದಿನಾ ಪಾರ್ಕಿಗೆ ಓಯ್ತಾ ಇರೋದು?"

ಇಬ್ಬರ ಪಾಲಿನ ಗಾಳಿಯನ್ನೂ ತಾನೇ ಕುಡಿದು ಬರುತ್ತಿರುವವನ ಹಾಗೆ ಹೇಳಿದ. ಮಂಚಮ್ಮ ದಾರಿಬದಿಯ ಗೋಡೆ ಹಿಡಿದು ನಿಂತು ನಿಂತು ನಡೆದಳು, ಮಾತಿಗೆ ಉಸಿರು ಸಾಲದಾಗಿತ್ತು. ಮನೆಗೆ ಬಂದ ಮೇಲೆ ಅತ್ತೆಯ ತೀರ್ಪು ಬಂತು. "ಗರತಿ ಎಂಗಸು ಪಾರ್ಕಲ್ಲಿ ಕೈ ಕಟ್ಕಂಡು ಕೂತ್ಕಂಡ್ರೆ ಕಂಡೋರು ಏನಂದಾರು? ಇತ್ಲಲ್ಲಿ ತುಳಸಿ ಗಿಡ ಐತೆ. ಅದರ ಮುಂದೆ ಕೂತ್ಕೊ."

ಹಿತ್ತಿಲು ಎಂದರೆ ಪಾತ್ರೆ ತಿಕ್ಕುವ ಕಲ್ಲು, ಬಚ್ಚಲ ನೀರು, ಬೂದಿ ಗುಡ್ಡೆ. ಅಲ್ಲಿ ಕೂತರೆ ಯಾರಾದರೂ ಒಂದು ಚೊಂಬು ತಂದು ತಿಕ್ಕಲು ಇಡುತ್ತಿದ್ದರು.

ಅವರೆಕಾಯಿಯ ಕಾಲ ಬಂತು. ಒಂದು ಮಧ್ಯಾಹ್ನ, ಸಂಜೆಯ ಸಾರಿಗೆ ಸುಲಿಯಬೇಕಾದ ಕಾಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊರದ ಮೇಲಿಟ್ಟುಕೊಂಡು ಮಂಚಮ್ಮ ಹೊರಟಳು. ಮೊರ ಇದ್ದದ್ದರಿಂದ ಅತ್ತೆ ಎಲ್ಲಿಗೆಂದು ಕೇಳಲಿಲ್ಲ. ಜಗಲಿಗಳೂ ಕೇಳಲಿಲ್ಲ. ಪಾರ್ಕಿನ ಗೇಟಿನಲ್ಲಿ ಕುಳ್ಳಯ್ಯ ಎದ್ದು ನಿಂತ.

"ಮೊರ ಬುಡಂಗಿಲ್ಲ ಅಂದಿದ್ನಲ್ಲಕ್ಕ."

"ಮೊರ ಬ್ಯಾಡ. ನನ್ನ ಬುಡು."

ಅಡಿಗೆಮನೆಯ ಮೊಳೆಗೆ ತಗುಲಿಸಲು ಮೊರಕ್ಕೆ ದಾರ ಕಟ್ಟಿತ್ತು. ಮಂಚಮ್ಮ ಅದನ್ನು ಗೇಟಿನ ಈಟಿಗೆ ನೇತುಹಾಕಿದಳು, ಪಕ್ಕದ ಈಟಿಗೆ ಅವರೆಕಾಯಿಯ ಗಂಟು. ಬರಿಗೈಯಲ್ಲಿ ಒಳಗೆ ಹೋಗಿ ದೊಡ್ಡ ಹೊಂಗೆಯ ಕೆಳಗಿನ ಬೆಂಚಿನ ಮೇಲೆ ಕೂತಳು.

ಕೂರುವುದು ಸುಲಭವಾಗಿರಲಿಲ್ಲ. ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಮಡಿಲಿನಲ್ಲಿ ಇಲ್ಲದ ಕಾಯಿ ಸುಲಿದವು, ಸೆರಗಿನ ಅಂಚು ಮಡಿಸಿ ಬಿಚ್ಚಿದವು. ಬೆಂಚಿನ ಮೇಲೆ ಬಿದ್ದ ಎಲೆಗಳನ್ನು ಗುಡಿಸಲು ಚಾಚಿದ ಕೈಯನ್ನು ಅವಳೇ ಹಿಂದಕ್ಕೆ ಎಳೆದುಕೊಂಡಳು. ನಾಲೆಯ ಗಾಳಿ ಬಂತು. ಬಹಳ ಹೊತ್ತಿನ ಮೇಲೆ ಎದೆಯ ಕೀರಲು ಸದ್ದು ಸಣ್ಣಗಾಯಿತು. ಬಿಸಿಲು ಮರದಿಂದ ಮರಕ್ಕೆ ಸರಿಯಿತು, ಒಲೆ ಹಚ್ಚುವ ಹೊತ್ತು ಬಂತು. ಅವಳಿಗೆ ಅದು ಗೊತ್ತಿತ್ತು. ಏಳಲಿಲ್ಲ.

ಸಂಜೆ ಚಿಕ್ಕಮಾದಯ್ಯ ಅಂದಾನಯ್ಯನವರ ಜೊತೆ ವಾಯುಸೇವನೆಗೆ ಬಂದ. ಗೇಟಿನಲ್ಲಿ ತನ್ನ ಮನೆಯ ಮೊರ ಕಂಡು ನಿಂತ. ಆಮೇಲೆ ಬೆಂಚಿನ ಮೇಲೆ ಹೆಂಡತಿ ಕಂಡಳು.

"ಲೇ, ಏನ್ ಮಾಡ್ತಾ ಇದ್ದೀಯೆ ಇಲ್ಲಿ?"

"ಏನೂ ಮಾಡ್ತಾ ಇಲ್ಲ."

ಅಂಥ ಉತ್ತರವನ್ನು ಚಿಕ್ಕಮಾದಯ್ಯ ಈ ಹೆಂಗಸಿನ ಬಾಯಲ್ಲಿ ಎಂದೂ ಕೇಳಿರಲಿಲ್ಲ. "ಏನೂ ಮಾಡ್ತಾ ಇಲ್ವಾ? ಅಂಗಂದ್ರೆ? ಒಲೆ ಅಚ್ಚಿದ್ದೀಯಾ? ಇಟ್ಟು?"

"ಸಾರಿಗೆ ಕಾಯಿ ಸುಲಿದಿಲ್ಲ. ಗೇಟಲ್ಲಿ ಗಂಟು ಐತೆ. ಓಗೋವಾಗ ತಕ್ಕಂಡೋಗಿ."

"ಮನೆಗೆ ನಡಿ ಮೊದಲು!"

"ಇನ್ನೊಂದೀಟು ಉಸಿರಾಡ್ಕಂಡು ಬತ್ತೀನಿ. ಡಾಕ್ಟರು ಯೋಳಿದ್ದು ನೀವೂ ಕೇಳಿದ್ರಿ."

ಅಂದಾನಯ್ಯನವರು ಕೆಮ್ಮಿದರು. ಅವರ ಚಿಂತೆ ಬೇರೆಯೇ ಇತ್ತು. "ಚಿಕ್ಕಮಾದಯ್ಯನವರೇ, ಮೊದಲು ಆ ಮೊರ ತೆಗೆಸಿ. ಸಂಘದ ಗೇಟು ಅದು. ನೋಡಿದೋರು ಏನು ತಿಳ್ಕೋತಾರೆ?"

ಒಬ್ಬ ಹೆಂಗಸಿನ ಉಸಿರು ಕಟ್ಟಿದಾಗ ಕೆಡದಿದ್ದ ಸಂಘದ ಮರ್ಯಾದೆ ಒಂದು ಮೊರದಿಂದ ಕೆಟ್ಟಿತ್ತು. ತೆಗೆಸಲು ಯಾರೂ ಇರಲಿಲ್ಲ. ಬೈಸಿಕೊಳ್ಳುವ ಭಯಕ್ಕೆ ಕುಳ್ಳಯ್ಯ ನಲ್ಲಿಯ ಕಡೆ ಹೋಗಿಬಿಟ್ಟಿದ್ದ. ಚಿಕ್ಕಮಾದಯ್ಯ ತಾನೇ ಮೊರವನ್ನು ಇಳಿಸಿದ. ಕಂಕುಳಲ್ಲಿ ಇಟ್ಟರೆ ಜಾರಿತು, ಮುಂದೆ ಹಿಡಿದರೆ ಪಂಚೆಗೆ ಸಿಕ್ಕಿತು. ಇನ್ನೊಂದು ಕೈಯಲ್ಲಿ ಗಂಟು ಹಿಡಿದು ಬೀದಿಗೆ ಇಳಿದ. ಬೆನ್ನ ಹಿಂದೆ ಕಟ್ಟಿಕೊಳ್ಳಲು ಕೈ ಉಳಿದಿರಲಿಲ್ಲ.

ನೀರಿನ ಬಿಂದಿಗೆ ಹೊತ್ತು ಎದುರಿಗೆ ಬಂದ ಪುಟ್ಟತಾಯಮ್ಮ ಬೇಲಿಯ ಆಚೆಗೆ ಕೇಳುವಂತೆ ಕೂಗಿದಳು. "ಏನ್ ಬಾವ, ಕೇರಕ್ಕೆ ಒಂಟ್ರಾ? ಗಾಳಿ ಬರೋ ಕಡೆಗೆ ಬೆನ್ನು ಮಾಡ್ಕಳಿ, ಹೊಟ್ಟು ಕಣ್ಣಿಗೆ ಬಿದ್ದಾತು!"

ಬೆಂಚಿನ ಮೇಲೆ ಮಂಚಮ್ಮ ನಕ್ಕಳು. ನಗುವಿನ ನಡುವೆ ಕೆಮ್ಮು ಬಂತು, ಆದರೂ ನಕ್ಕಳು.

ಆ ರಾತ್ರಿ ಮನೆಯಲ್ಲಿ ಆದದ್ದು ಸಣ್ಣ ಜಗಳವಲ್ಲ. ಮುದ್ದೆ ತಡವಾಯಿತು, ಸಾರು ಆಗಲೇ ಇಲ್ಲ, ಮಜ್ಜಿಗೆಯಲ್ಲಿ ಉಂಡರು. ಅತ್ತೆ ಮಂಚಮ್ಮನ ತೌರಿನವರನ್ನೆಲ್ಲ ಒಬ್ಬೊಬ್ಬರಾಗಿ ಎಳೆದು ತಂದು ಬೈದಳು. ಮಂಚಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಬಹಳ ದಿನಗಳ ಮೇಲೆ ನೆಲಕ್ಕೆ ಬೆನ್ನು ಹಾಕಿ ಮಲಗಿದಳು.

ಬೆಳಗಾಗುತ್ತಲೇ ಸಂಘ ಸಭೆ ಸೇರಿತು. ಹೆಂಗಸರಿಗೆ ಗಾಳಿ ಬೇಕೆ ಎಂಬ ಮಾತು ಅಲ್ಲಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುಳ್ಳಯ್ಯ ಗೇಟಿಗೆ ಹೊಸ ಬೋರ್ಡು ಕಟ್ಟುತ್ತಿದ್ದ.

"ಏನಂತೆ ಅದು?" ಎಂದು ಕೇಳಿದಳು ಮಂಚಮ್ಮ.

"ಗೇಟಿಗೆ ಮೊರ ಗಿರ ಏನೂ ನೇತಾಕಬಾರದಂತೆ ಕಣಕ್ಕ" ಎಂದ ಅವನು ತಲೆ ತಗ್ಗಿಸಿ.

"ಕಟ್ಟು, ಭದ್ರವಾಗಿ ಕಟ್ಟು" ಎಂದು ಮಂಚಮ್ಮ ಒಳಗೆ ನಡೆದಳು. ಮೊರವನ್ನು ಅವಳು ಮನೆಯ ಮೊಳೆಯಲ್ಲೇ ಬಿಟ್ಟು ಬಂದಿದ್ದಳು. ಹಗಲು ಬೆಳಕಿನಲ್ಲಿ, ಜಗಲಿಗಳೆಲ್ಲ ನೋಡುತ್ತಿರುವಾಗ, ಬೀದಿಯುದ್ದಕ್ಕೂ ಬರಿಗೈ ಬೀಸಿಕೊಂಡು ಬಂದಿದ್ದಳು.