ಅವ್ವ ಹಾಕಿದ ಬಾಳೆಹಣ್ಣು

ಹುಳುಗಳನ್ನು ಉಪವಾಸ ಕೆಡವುವುದೇ ನನ್ನ ಕೆಲಸವಾಗಿತ್ತು. ಹಣ್ಣಿನ ನೊಣದ ಮರಿಹುಳುಗಳು, ಅಕ್ಕಿಕಾಳಿಗಿಂತ ಸಣ್ಣವು. ಹೊಟ್ಟೆಗಿಲ್ಲದಾಗ ಜೀವಕೋಶ ತನ್ನದೇ ಹಳೆಯ ಚೂರುಗಳನ್ನು ಲೈಸೋಸೋಮ್ ಎಂಬ ಪುಟ್ಟ ಚೀಲಕ್ಕೆ ತಳ್ಳಿ, ಅರಗಿಸಿಕೊಂಡು ಬದುಕುತ್ತದೆ. ಊಟ ಸಿಕ್ಕಿತೋ, ಆ ಕೆಲಸಕ್ಕೆ ತಡೆ ಬೀಳುತ್ತದೆ. ಹೇಗೆ ಬೀಳುತ್ತದೆ ಎಂಬುದು ನಮ್ಮ ಪ್ರಶ್ನೆ.

ಸೋಮವಾರ ಹಸಿದ ಹುಳುಗಳನ್ನು ಕುಯ್ದು ನನ್ನ ಸಂಶೋಧನೆಯ ಗೈಡ್‌ಗೆ ತೋರಿಸಬೇಕಿತ್ತು. ತಪ್ಪಿದರೆ ಲ್ಯಾಬಿನಲ್ಲಿ ನನ್ನ ಜಾಗ ಇನ್ನೊಬ್ಬರಿಗೆ, ನನಗೆ ಗಾರ್ಮೆಂಟ್ಸ್ ಕಾರ್ಖಾನೆಯ ವ್ಯಾನು. ಆ ವ್ಯಾನು ಆಗಲೇ ನಮ್ಮೂರು ಕೈಲಾಂಚದವರೆಗೂ ಬರತೊಡಗಿತ್ತು, ನನ್ನ ಜೊತೆ ಓದಿದವರೆಲ್ಲ ಅದನ್ನು ಹತ್ತಿಯಾಗಿತ್ತು. ಭಾನುವಾರ ಲ್ಯಾಬಿಗೆ ಬೀಗ. ಅದಕ್ಕೇ ಸೀಸೆಗಳನ್ನು ಮನೆಗೆ ತಂದು, ಸಂಜೆ ಹುಳುಗಳನ್ನು ಬರೀ ಒದ್ದೆ ಕಾಗದದ ಮೇಲೆ ಬಿಟ್ಟೆ.

ಅವ್ವ ರೇಷ್ಮೆ ಸಾಕಿಯೇ ಮುದುಕಿಯಾದವಳು. ಪೊರೆ ಬಿಡುವ ಹುಳು ತಲೆಯೆತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದು ಜ್ವರಕ್ಕೆ ಕೂತಿದೆ ಎನ್ನುತ್ತಾರೆ, ಅದಕ್ಕೆ ಸೊಪ್ಪು ಹಾಕಬಾರದು. ಓಡಾಡುವ ಹುಳು ಹಸಿದದ್ದು, ಹಾಕದಿದ್ದರೆ ಪಾಪ. ನನ್ನವು ಗಾಜು ಹತ್ತಿ ಓಡಾಡುತ್ತಿದ್ದವು. ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಸೀಸೆಯಲ್ಲೂ ಕಿವುಚಿದ ಬಾಳೆಹಣ್ಣು.

“ಜ್ವರಕ್ಕೆ ಕೂತಿರ್ನಿಲ್ಲ ಕಣವ್ವ, ಹೊಟ್ಟೆಗಿಲ್ದೆ ಒದ್ದಾಡ್ತಿದ್ವು. ಒಸಿ ಹಾಕ್ದೆ” ಎಂದಳು ಅವ್ವ.

ಮೈಯೆಲ್ಲ ಉರಿದುಹೋಯಿತು. ಚಿಕ್ಕಂದಿನಲ್ಲಿ ಹುಳುಗಳಿಗೆ ಸೊಪ್ಪಾದ ಮೇಲೇ ನನಗೆ ಮುದ್ದೆ. ಆ ಸಿಟ್ಟೂ ಸೇರಿಕೊಂಡಿತು. “ಹುಳ ಕಂಡ್ರೆ ಕರುಳು ಕಿತ್ಕೊಂಡ್ ಬತ್ತದೆ, ಮಗಳು ಹಾಳಾದ್ರೆ ನಿಂಗೇನು? ನೀನೂ ಇವತ್ತು ಉಪಾಸ ಬಿದ್ದಿರು, ಗೊತ್ತಾಯ್ತದೆ!” ಸಕ್ಕರೆ ಕಾಯಿಲೆಯವಳು, ಆಗಷ್ಟೇ ಮಾತ್ರೆ ನುಂಗಿದ್ದಳು. ಅದರ ಮೇಲೆ ಉಣ್ಣದಿದ್ದರೆ ಮೈಯ ಸಕ್ಕರೆ ತೀರಾ ಇಳಿದುಬಿಡುತ್ತದೆ. ನನಗದು ಗೊತ್ತಿತ್ತು. ಗೊತ್ತಿದ್ದೇ ಅಂದೆ. ನನ್ನ ತಟ್ಟೆ ಸರಿಸಿ ಬಸ್ಸು ಹತ್ತಿದೆ.

ಗೈಡ್ ಬೈಯಲಿಲ್ಲ. ಬಾಳೆಹಣ್ಣಿನ ಕತೆ ಕೇಳಿ ನಕ್ಕು ಇನ್ನೊಂದು ವಾರ ಕೊಟ್ಟರು.

ಸಂಜೆ ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಬೆವತು ಬಿದ್ದಿದ್ದಳು. ಪಕ್ಕದ ಮನೆಯಾಕೆ ಸಕ್ಕರೆ ನೀರು ಕುಡಿಸುತ್ತಿದ್ದಳು. “ಬೆಳಗ್ಗಿಂದ ಒಂದ್ ತುತ್ತು ಮುಟ್ಟಿಲ್ಲ ಕಣಮ್ಮಿ. ಕಬ್ಬಾಳಮ್ಮಂಗೆ ಕೈಮುಗ್ದು ಕೂತ್ಬುಟ್ಟವ್ಳೆ.”

ನಾನು ವಿಧಿಸಿದ ಶಿಕ್ಷೆಯನ್ನು ಅವ್ವ ಹರಕೆ ಮಾಡಿಕೊಂಡಿದ್ದಳು. ಕಣ್ಣು ಬಿಟ್ಟು ಕೇಳಿದ್ದು ಒಂದೇ: “ಹುಳ ಸರಿಹೋದ್ವಾ ಮಗ?”

ಒಂದು ವಾರ ಸಿಕ್ಕಿದೆ ಎಂದರೆ ಸಾಕಿತ್ತು. ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇಲ್ಲ, ಎಲ್ಲ ಹಾಳಾಗೋಯ್ತು. ನನ್ ಜಾಗನೂ ಹೋಯ್ತು” ಅಂದೆ.

ಅವ್ವ ಸಕ್ಕರೆ ನೀರಿನ ಲೋಟವನ್ನು ಬಾಯಿಂದ ಸರಿಸಿ ದೂರ ತಳ್ಳಿದಳು.