ಮಗು ಚೆನ್ನಾಗಿದೆ ಎಂದರು

ಮೊದಲು ಬಂದದ್ದು ಗಂಟಲು ನೋವು. ಆಮೇಲೆ ಜ್ವರ. 2009ರ ಮಳೆಗಾಲದಲ್ಲಿ ದೆಹಲಿಯ ಅರ್ಧ ಜನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡುತ್ತಿದ್ದರು. ನಾನು ಎಂಟು ತಿಂಗಳ ಹೊಟ್ಟೆ ಹೊತ್ತು ಆರ್.ಕೆ.ಪುರಂನಿಂದ ಚಾರ್ಟರ್ಡ್ ಬಸ್ಸಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದೆ. ಒಂದು ಸಂಜೆ ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ಉಸಿರು ಸಿಗದೆ ಕುಳಿತುಬಿಟ್ಟೆ.

ಸ್ವೈನ್ ಫ್ಲೂ, ಎಂದರು ಆಸ್ಪತ್ರೆಯಲ್ಲಿ.

"ಹಂದಿ ಜ್ವರವೇ? ನಾವು ಮೊಟ್ಟೆ ಕೂಡ ಮುಟ್ಟೋರಲ್ಲ!" ಎಂದರು ಅತ್ತೆ, ತಪ್ಪು ಡಾಕ್ಟರದ್ದೇ ಎನ್ನುವಂತೆ.

"ಮಾತಾಜಿ, ಯೇ ಖಾನೇ ಸೇ ನಹೀ ಹೋತಾ," ತಿನ್ನುವುದರಿಂದ ಬರುವುದಲ್ಲ ಇದು, ಎಂದು ಎಳೆಯ ಡಾಕ್ಟರೊಬ್ಬರು ನಕ್ಕರು. ಹಂದಿಯದ್ದು, ಹಕ್ಕಿಯದ್ದು, ಮನುಷ್ಯನದ್ದು ಎಲ್ಲ ಬೆರೆತು ಹುಟ್ಟಿದ ವೈರಸ್ಸಂತೆ. ಈಗ ಮನುಷ್ಯರಿಂದ ಮನುಷ್ಯರಿಗೆ ದಾಟುತ್ತಿದೆ, ಕೆಲವು ಕಡೆ ನಮ್ಮಿಂದ ಹಂದಿಗಳಿಗೇ ವಾಪಸು ಹೋಗಿದೆಯಂತೆ. ಆಕ್ಸಿಜನ್ ಮಾಸ್ಕಿನೊಳಗೆ ಏದುಸಿರು ಬಿಡುತ್ತಲೇ ಬೆರಗಾದೆ. ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುವವರಿರುವ ಊರಿನಲ್ಲಿ ಇದು ಹಂದಿ ಯಾರು, ನಾನು ಯಾರು ಎಂದು ಕೇಳದೆಯೇ ನನ್ನೊಳಗೆ ಮನೆ ಮಾಡಿತ್ತು.

ಮರುದಿನ ಆಕ್ಸಿಜನ್ ಇನ್ನೂ ಇಳಿಯಿತು. ಸಿಸೇರಿಯನ್ ಮಾಡಬೇಕು, ನಿಮ್ಮನ್ನು ವೆಂಟಿಲೇಟರಿಗೆ ಹಾಕಬೇಕು ಎಂದರು. ನನ್ನ ಗಂಡ ಪ್ರಕಾಶ್ ಸಹಿ ಹಾಕಿದರು. ಅಲ್ಲಿಗೆ ನೆನಪು ನಿಂತಿದೆ.

ಎಚ್ಚರವಾದಾಗ ಹೊಟ್ಟೆ ಇರಲಿಲ್ಲ.

ಗಂಟಲಲ್ಲಿ ಟ್ಯೂಬು. ಮಾತಿಲ್ಲ. ಕೈಯನ್ನು ಹೊಟ್ಟೆಯ ಮೇಲಿಟ್ಟು ನರ್ಸನ್ನು ನೋಡಿದೆ. "ಬೇಬಿ ಬಿಲ್ಕುಲ್ ಠೀಕ್ ಹೈ, ದೀದಿ," ಎಂದಳು. ಗೌನು, ಮಾಸ್ಕು ತೊಟ್ಟು ಬಂದ ಪ್ರಕಾಶ್, "ಮಗಳು ಕಣೇ. ಚೆನ್ನಾಗಿದಾಳೆ," ಎಂದರು. ಡಾಕ್ಟರೂ ಅದನ್ನೇ ಅಂದರು. ಎಲ್ಲರದ್ದೂ ಒಂದೇ ಮಾತು. ಮಾಸ್ಕಿನ ಹಿಂದಿನ ಮುಖ ಏನು ಹೇಳುತ್ತಿದೆಯೋ ಕಾಣುತ್ತಿರಲಿಲ್ಲ.

ನಾನು ನಂಬಲಿಲ್ಲ.

ಯಾಕೆಂದರೆ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಮಾವನವರಿಗೆ ಹಾರ್ಟ್ ಆಪರೇಷನ್ ಆದಾಗ ತುಮಕೂರಿನಲ್ಲಿ ಅವರ ಅಣ್ಣ ತೀರಿಕೊಂಡಿದ್ದರು. "ಅಣ್ಣ ಚೆನ್ನಾಗಿದಾರೆ, ನಿಮ್ಮನ್ನ ಕೇಳ್ತಿದ್ರು," ಎಂದು ಮನೆಮಂದಿಯೆಲ್ಲ, ನಾನೂ ಸೇರಿ, ನಗುನಗುತ್ತಾ ಹೇಳಿದ್ದೆವು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ಪ್ರಕಾಶ್ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಬಟ್ಟೆಯಲ್ಲಿ ಸುತ್ತಿದ ಯಾವುದೋ ಕೆಂಪು ಮುಖ. ಯಾರ ಮಗುವಾದರೂ ಆಗಬಹುದು. ಮಗುವನ್ನು ಮನೆಗೆ ಕಳಿಸಿದ್ದಾರೆ, ಐಸಿಯುಗೆ ತರುವಂತಿಲ್ಲ ಎಂದ ಮೇಲಂತೂ ಎದೆ ಒಡೆದೇಹೋಯಿತು.

ಅಷ್ಟರಲ್ಲಿ ಗೌನಿನ ಎದೆಭಾಗ ಒದ್ದೆಯಾಗತೊಡಗಿತು. ಹಾಲು. ಮೆಷಿನ್ನು ನನ್ನ ಪರವಾಗಿ ಉಸಿರಾಡುತ್ತಿತ್ತು, ಕೊಳವೆ ಊಟ ಹಾಕುತ್ತಿತ್ತು, ಮಗ್ಗುಲಾಗಲು ಇಬ್ಬರು ಬೇಕಿತ್ತು. ಇಂಥ ದೇಹ ಯಾರನ್ನೂ ಕೇಳದೆ, ತಾನು ನೋಡಿಯೇ ಇರದ ಕೂಸಿಗೆ ಅಡುಗೆ ಮಾಡಿಟ್ಟಿತ್ತು. ನನ್ನ ದೇಹಕ್ಕೆ ನಾನೇ ಕೈ ಮುಗಿಯಬೇಕೆನಿಸಿತು. ಆದರೆ ಹಾಲನ್ನೂ ನಂಬುವಂತಿರಲಿಲ್ಲ. ಮಗು ಕಳೆದುಕೊಂಡ ಸಹೋದ್ಯೋಗಿಯೊಬ್ಬರಿಗೂ ಹಾಲು ಬಂದಿತ್ತು.

ಆಮೇಲೊಂದು ದಿನ ಪ್ರಕಾಶ್ ಬಂದವರು "ಚೆನ್ನಾಗಿದಾಳೆ" ಎನ್ನಲಿಲ್ಲ. ಸ್ಟೂಲು ಎಳೆದು ಕೂತರು. ಕಣ್ಣುಗಳು ಕೆಂಪಾಗಿದ್ದವು.

ಈಗ ಹೇಳುತ್ತಾರೆ ಎಂದುಕೊಂಡೆ.

"ನೋಡು ಶೋಭಾ, ನಿಮ್ಮಮ್ಮನಿಗೆ ನೀನೇ ಏನಾದ್ರೂ ಹೇಳ್ಬೇಕು. ಊರಿಂದ ಬಂದಾಗಿನಿಂದ ಮಗೂಗೆ ಎಣ್ಣೆ ಹಚ್ಚಿ ಎರೀಬೇಕು ಅಂತ ಒಂದೇ ಹಟ. ತೂಕ ಕಮ್ಮಿ ಇದೆ, ಡಾಕ್ಟ್ರು ಬೇಡ ಅಂದಿದಾರೆ ಅಂತ ನಮ್ಮಮ್ಮ. ಇಬ್ರೂ ಮಾತು ಬಿಟ್ಟಿದಾರೆ. ದೃಷ್ಟಿಬೊಟ್ಟು ಒಬ್ರು ಹಣೆಗೆ ಇಟ್ರೆ ಇನ್ನೊಬ್ರು ಅಳಿಸಿ ಕೆನ್ನೆಗೆ ಇಡ್ತಾರೆ. ಅವಳು ಕಿರ್ಚಿಕೊಳ್ತಾಳೆ. ನಂಗೆ ಸಾಕಾಗಿಹೋಗಿದೆ!"

ಥಟ್ಟನೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಇದನ್ನೆಲ್ಲ ನಿನ್ ಹತ್ರ ಹೇಳ್ಬಾರದು ಅಂತ ಮಾತಾಗಿತ್ತು."

ಇವರೆಲ್ಲ ಸೇರಿ ನನ್ನಿಂದ ಮುಚ್ಚಿಟ್ಟದ್ದು ಜಗಳವನ್ನು!

ಇಲ್ಲದ ಮಗುವಿಗೆ ಯಾರೂ ದೃಷ್ಟಿಬೊಟ್ಟು ಅಳಿಸಿ ಇಡುವುದಿಲ್ಲ. ನಗು ಬಂತು, ಟ್ಯೂಬಿನಿಂದಾಗಿ ನಗಲಾಗದೆ ಅತ್ತುಬಿಟ್ಟೆ. ಮಾನಿಟರ್ ಬಡಿದುಕೊಂಡಿತು, ನರ್ಸ್ ಓಡಿಬಂದು ಪ್ರಕಾಶರನ್ನು ಬೈದು ಹೊರಗೆ ಕಳಿಸಿದಳು. ಹೋಗುವಾಗ ಅವರ ಕೈ ಬಿಡಲು ನನಗೆ ಮನಸ್ಸಿರಲಿಲ್ಲ. ಕೆಲವು ದಿನಗಳ ಮೇಲೆ ಟ್ಯೂಬು ತೆಗೆದಾಗ ನನ್ನ ಒಡಕು ಗಂಟಲಿನಿಂದ ಹೊರಟ ಮೊದಲ ಮಾತು, "ಅಮ್ಮನಿಗೆ ಹೇಳಿ, ಎಣ್ಣೆ ಈಗ ಬೇಡ."

ಈಗ ಮನೆಯಲ್ಲಿದ್ದೇನೆ. ಶ್ವಾಸಕೋಶ ಪೂರ್ತಿ ಮೊದಲಿನಂತಾಗುತ್ತದೆಂದು ಡಾಕ್ಟರ್ ಭರವಸೆ ಕೊಟ್ಟಿಲ್ಲ. ಅಡುಗೆಮನೆಗೆ ಹೋಗಿಬಂದರೆ ಕೂರಬೇಕು. ಕೂತಾಗ ತೊಡೆಯ ಮೇಲೆ ಮಗಳು ಇರುತ್ತಾಳೆ. ಅವಳ ಪುಟ್ಟ ಎದೆ ತನ್ನಷ್ಟಕ್ಕೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತೇನೆ, ಎಷ್ಟು ನೋಡಿದರೂ ಸಾಲದು. ಪಕ್ಕದ ಕೋಣೆಯಲ್ಲಿ ಅಜ್ಜಿಯರಿಬ್ಬರೂ ಇನ್ನೂ ವಾದಿಸುತ್ತಿದ್ದಾರೆ. ಬೇಗ ರಾಜಿಯಾಗಲಿ ಎಂಬ ಆಸೆ ನನಗೇನೂ ಇಲ್ಲ.